52 ಸೆಕೆಂಡಿಗೆ ಕೈ ಜೋಡಿಸಿದವರಿಗೆಲ್ಲ

ನಮ್ಮ ‘ಜನ ಗಣ ಮನ’ ರೆಕಾರ್ಡಿಂಗ್ ಮುಗಿದು, ಆಗಸ್ಟ್ 15ರಂದು ಚಿಕ್ಕಮಗಳೂರಿನ ಶಾಲೆಗಳಲ್ಲಿ ಮೊಳಗಿದ್ದೂ ಆಯಿತು. ಕೃತಜ್ಞತೆ ಹೇಳುವುದೊಂದು ಬಾಕಿ ಇತ್ತು.

ಮೊದಲು ಹಾರ್ಮೋನಿಯಂ ಮೇಷ್ಟ್ರಿಗೆ. ಅವರ ಆರೋಗ್ಯದ ವಿಷಯ ನಿಮಗೆಲ್ಲ ಗೊತ್ತಿದ್ದದ್ದೇ, ಇಲ್ಲಿ ಮತ್ತೆ ಬೇಡ. ಆಸ್ಪತ್ರೆಗೆ ಸೇರುವ ಮುಂಚೆ ಅವರು ನುಡಿಸಿಟ್ಟ ಒಂದೇ ಟ್ರ್ಯಾಕಿನ ಮೇಲೆ ಉಳಿದದ್ದೆಲ್ಲ ನಿಂತಿದೆ. ಆ ಹಳೇ ಪೆಟ್ಟಿಗೆಯ ರೀಡುಗಳು ಕೂತಿರುವುದು ಕೀಬೋರ್ಡುಗಳ ಮಾಮೂಲಿ ಶ್ರುತಿಯಾದ 440 ಹರ್ಟ್ಸ್‌ಗಲ್ಲ, 442ಕ್ಕೆ. ಅದನ್ನು ತಿದ್ದುವ ಮಾತೇ ಇರಲಿಲ್ಲ. ಕೀಬೋರ್ಡನ್ನು 8 ಸೆಂಟ್ಸ್ (ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರದ ನೂರನೇ ಪಾಲು ಒಂದು ಸೆಂಟ್) ಏರಿಸಿ, ಮಿಕ್ಕವರೆಲ್ಲ ಅವರ ಪೆಟ್ಟಿಗೆಗೇ ಶ್ರುತಿ ಮಾಡಿಕೊಂಡೆವು. ಷಡ್ಜವನ್ನು (ಸ) ಬಿಳಿ ಒಂದಕ್ಕೆ, ಅಂದರೆ ಪೆಟ್ಟಿಗೆಯ C ಮನೆಗೆ, ಇಟ್ಟವರೂ ಅವರೇ. ಗೀತೆಯ ಮಟ್ಟು ಮಂದ್ರ ನಿಷಾದದಿಂದ (ಕೆಳಗಿನ ನಿ) ತಾರ ಷಡ್ಜದವರೆಗೆ (ಮೇಲಿನ ಸ) ಹೋಗುತ್ತದೆ. ಇನ್ನೂ ಇಳಿಸಿದರೆ ‘ವಿಧಾತಾ’ದ ನಿಷಾದ ಹೆಂಗಸರಿಗೆ ಸಿಗುವುದಿಲ್ಲ, ಏರಿಸಿದರೆ ‘ಜಯ ಹೇ’ ಬಂದಾಗ ಮಕ್ಕಳು ಕಿರುಚುತ್ತಾರೆ. ತಂಬೂರಿಯಲ್ಲಿ ಪಂಚಮದ (ಪ) ತಂತಿ ಮೀಟಬೇಡಿ ಎಂದೂ ಹೇಳಿದ್ದರು. ಮೊದಲ ಸಾಲೂ ಕೊನೆಯ ‘ಹೇ’ಯೂ ನಿಲ್ಲುವುದು ಮಧ್ಯಮದಲ್ಲಿ (ಮ), ಹಿಂದೆ ಪಂಚಮ ಮೊರೆಯುತ್ತಿದ್ದರೆ ಎರಡಕ್ಕೂ ತಿಕ್ಕಾಟ. ಬರೀ ಷಡ್ಜ ಇಟ್ಟೆವು, ಕೊನೆಯ ಮಧ್ಯಮ ತಿಳಿಯಾಗಿ ನಿಂತಿದೆ.

ಎರಡನೇ ಚರಣವನ್ನೂ ಹಾಡಬಹುದಿತ್ತಲ್ಲ ಎಂದು ಕೆಲವರು ಕೇಳಿದಿರಿ. ರವೀಂದ್ರರ ಐದು ಚರಣಗಳಲ್ಲಿ 1950ರ ಜನವರಿ 24ರಂದು ರಾಷ್ಟ್ರಗೀತೆಯಾದದ್ದು ಮೊದಲನೆಯದಷ್ಟೇ. ಆದ್ದರಿಂದ ಅಷ್ಟೇ ಹಾಡಿದೆವು. ಮಟ್ಟು ಮುಟ್ಟಲಿಲ್ಲ, ಆಲಾಪ ಸೇರಿಸಲಿಲ್ಲ, 52 ಸೆಕೆಂಡು ಮೀರಲಿಲ್ಲ. ಹೊಸತನ ಇರುವುದು ಪಕ್ಕವಾದ್ಯದಲ್ಲಿ. ಬ್ಯಾಂಡ್ ನುಡಿಸುವಾಗ ಗೀತೆಗೆ ಮುಂಚೆ ಡ್ರಮ್ ರೋಲ್ ಇರಬೇಕೆಂಬ ನಿಯಮವಿದೆ: ನಿಧಾನ ನಡೆಯ ಏಳು ಹೆಜ್ಜೆಯಷ್ಟು, ಮೆಲ್ಲಗೆ ಶುರುವಾಗಿ, ಆದಷ್ಟೂ ಜೋರಾಗಿ ಏರಿ, ಮತ್ತೆ ಇಳಿದು, ಒಂದು ಪೆಟ್ಟಿನಷ್ಟು ಮೌನ, ಆಮೇಲೆ ಗೀತೆ. ಆ ಜಾಗದಲ್ಲಿ ನಮ್ಮ ಡೊಳ್ಳು ಬಂತು. ಮಲೆನಾಡಿನ ಮಳೆಗೆ ಚರ್ಮ ತೇವ ಹೀರಿ ಸಡಿಲಾಗಿ, ಡೊಳ್ಳು ಮಂಕಾಗುತ್ತದೆ. ಪ್ರತಿ ಟೇಕಿಗೂ ಮುಂಚೆ ಕೆಂಡದ ಮುಂದೆ ಕಾಯಿಸಿ, ಹಗ್ಗ ಬಿಗಿದು ಕೊಟ್ಟ ಕಡೂರು ಕಡೆಯ ಹುಡುಗರಿಗೆ ನಮಸ್ಕಾರ.

ಈಗ ಅಕ್ಕನ ವಿಷಯ. ಮದುವೆ ವಿಡಿಯೋ ಎಡಿಟ್ ಮಾಡುವ ಸ್ಟುಡಿಯೋ ನಡೆಸುವ ಅಕ್ಕ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುತ್ತಿಲ್ಲ. ಆದರೆ 13ನೇ ತಾರೀಖಿನ ರಾತ್ರಿ ಅವರು ಎದ್ದು ಮನೆಗೆ ಹೋಗಿದ್ದರೆ ಈ ಗೀತೆಯಲ್ಲಿ ಮಕ್ಕಳ ದನಿ ಇರುತ್ತಿರಲಿಲ್ಲ.

ಮಕ್ಕಳು ನಾಲ್ಕು ನಾಲ್ಕು ಮಂದಿಯಾಗಿ, ಹೆಡ್‌ಫೋನಿನಲ್ಲಿ ಮೇಷ್ಟ್ರ ಹಾರ್ಮೋನಿಯಂ ಕೇಳುತ್ತ ಶಾಲೆಯಲ್ಲೇ ಹಾಡಿದ್ದರು. ಅದನ್ನು ತಂದು ಮಿಕ್ಕ ಟ್ರ್ಯಾಕುಗಳ ಜೊತೆ ಕೂರಿಸಿದರೆ ಯಾವುದೂ ಹೊಂದುತ್ತಿಲ್ಲ. ಶ್ರುತಿ ಪೆಟ್ಟಿಗೆಯ ಲೆಕ್ಕದಲ್ಲಿ ಸುಮಾರು ಒಂದೂವರೆ ಮನೆ ಕೆಳಗೆ, ಕಾಲವೂ ಜಗ್ಗುತ್ತಿದೆ. ಸಾಫ್ಟ್‌ವೇರಿನಲ್ಲಿ ಎಳೆದು ಏರಿಸಿದರೆ ದನಿ ತಗಡು ಬಡಿದ ಹಾಗೆ. ಕರೆಂಟು ಬೇರೆ ಇಲ್ಲ. ಇನ್ವರ್ಟರಿನ ಗುಂಯ್ ಸದ್ದು ಸ್ಪೀಕರಿಗೆ ಇಳಿಯುತ್ತಿದ್ದರಿಂದ ಲ್ಯಾಪ್‌ಟಾಪನ್ನು ಬರೀ ಬ್ಯಾಟರಿಯಲ್ಲಿ ನಡೆಸಬೇಕು. ಮಕ್ಕಳನ್ನು ಬಿಟ್ಟುಬಿಡೋಣ ಎಂಬ ಮಾತು ಬಂತು. ಮಕ್ಕಳಿಂದ ಹಾಡಿಸಬೇಕೆನ್ನುವುದು ಮೇಷ್ಟ್ರ ಆಸೆ, ಆ ಹೊತ್ತಿಗೆ ಅವರು ಐಸಿಯುನಲ್ಲಿ. ಆ ಮಾತು ಬಂದ ಮೇಲೆ ನಾವು ಒಬ್ಬರ ಮುಖ ಒಬ್ಬರು ನೋಡಲಾಗಲಿಲ್ಲ.

ಅಕ್ಕ ಮಾತ್ರ ಟ್ರ್ಯಾಕಿನ ಉದ್ದ ನೋಡುತ್ತಿದ್ದರು. ಹಾರ್ಮೋನಿಯಂ 52 ಸೆಕೆಂಡು, ಮಕ್ಕಳದ್ದು 56.6. ಫೋನಿನಲ್ಲಿ ಭಾಗಿಸಿದರು: 1.088. “ಇದು 48, ಅದು 44.1 ಕಣ್ರೋ. ಮಕ್ಕಳದ್ದೇನೂ ತಪ್ಪಿಲ್ಲ.”

ವಿಡಿಯೋ ಕೆಲಸದವರ ರೆಕಾರ್ಡರುಗಳು ಸೆಕೆಂಡಿಗೆ 48,000 ಸಲ ದನಿಯ ಅಳತೆ ತೆಗೆಯುತ್ತವೆ. ಹಾಡಿನ ಪ್ರಾಜೆಕ್ಟು ಸಿ.ಡಿ. ಲೆಕ್ಕದ 44,100ರಲ್ಲಿ ಇತ್ತು. ಪರಿವರ್ತನೆಯಾಗದೆ ಫೈಲು ಹಾಗೇ ಒಳಗೆ ಬಂದರೆ ದನಿ ನಿಧಾನವೂ ಆಗುತ್ತದೆ, ತಗ್ಗುತ್ತದೆ ಕೂಡ. ಶ್ರುತಿ, ಕಾಲ ಎರಡೂ ಒಂದೇ ಪ್ರಮಾಣದಲ್ಲಿ ಕೆಟ್ಟಿದ್ದರೆ ಹಾಡಿದವರನ್ನು ಅನುಮಾನಿಸುವ ಮುಂಚೆ ಇದನ್ನು ನೋಡಬೇಕು. ಫೈಲಿನ ರೇಟನ್ನು 48 ಎಂದು ತಿದ್ದಿದ್ದೇ ತಡ, ಮಕ್ಕಳು ಮೇಷ್ಟ್ರ ಪೆಟ್ಟಿಗೆಯ ಮೇಲೆ ಸರಿಯಾಗಿ ಬಂದು ಕೂತರು.

ಅಷ್ಟಕ್ಕೇ ಅವರು ಏಳಲಿಲ್ಲ. ‘ಗಾಹೇ’ಯ ಗ, ‘ಜಯ’ದ ಜ, ಹೀಗೆ ಅಕ್ಷರ ಹೊರಡುವ ಅಂಚನ್ನಷ್ಟೇ ಎಲ್ಲ ಟ್ರ್ಯಾಕುಗಳಲ್ಲಿ ಒಂದು ಗೆರೆಗೆ ತಂದು, ಎಳೆದು ಹಾಡುವ ಭಾಗವನ್ನು ಮಕ್ಕಳು ಹಾಡಿದ ಹಾಗೇ ಬಿಟ್ಟರು. ಅದನ್ನೂ ಕತ್ತರಿಸಿ ಸಮ ಮಾಡಿದರೆ ಗುಂಪಿನ ತುಂಬು ದನಿ ಹೋಗಿ ಒಂದೇ ಮಗು ಹಾಡಿದಂತೆ ಕೇಳುತ್ತದೆ. ‘ಗಾಹೇ’ಗೆ ಮುಂಚಿನ ಉಸಿರನ್ನು ಅಳಿಸಲು ಬಿಡಲಿಲ್ಲ, ಮೈದಾನದಲ್ಲಿ ಜೊತೆಗೆ ಹಾಡುವವರಿಗೆ ಎಲ್ಲಿ ಉಸಿರೆಳೆಯಬೇಕೆಂದು ಅದರಿಂದಲೇ ಗೊತ್ತಾಗುವುದು. ಶಾಲೆಗಳ ಹಾರ್ನ್ ಸ್ಪೀಕರಿನಲ್ಲಿ ತಗ್ಗಿನ ನಾದ ಬರುವುದೇ ಇಲ್ಲ, ಡೊಳ್ಳಿನ ಗುಡುಗು ಮಾಯವಾಗುತ್ತದೆ. ಅದಕ್ಕೆಂದು ಕೋಲಿನ ಪೆಟ್ಟು ಹಿಡಿದ ಮೈಕನ್ನು ಏರಿಸಿ, ಎಲ್ಲ ದನಿಯನ್ನೂ ಒಂದೇ ಚಾನೆಲ್ಲಿಗೆ ಸೇರಿಸಿದ ಬೇರೆಯೇ ಒಂದು ಮೊನೊ ಪ್ರತಿ ತೆಗೆಯುವ ಹೊತ್ತಿಗೆ ಬೆಳಕು ಹರಿದಿತ್ತು.

ಅಕ್ಕಾ, ದುಡ್ಡಿನ ಮಾತೆತ್ತಿದರೆ ಬೈದಿರಿ. ಮಕ್ಕಳದ್ದೇನೂ ತಪ್ಪಿಲ್ಲ ಎಂದಿರಲ್ಲ, ಆ ಮಾತಿಗೆ ನಾವು ಎಂದೆಂದಿಗೂ ಋಣಿಗಳು. ಮೇಷ್ಟ್ರು ಈಗ ವಾರ್ಡಿಗೆ ಬಂದಿದ್ದಾರೆ, ಪೂರ್ತಿ ಕೇಳಿದ್ದಾರೆ. ಎರಡನೇ ‘ಜಯ ಹೇ’ ತುಸು ಜೋರಾಯಿತು ಎಂದರು.

ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ ಹುಟ್ಟಿದ ರುದ್ರಪಟ್ಟಣದಿಂದ ಬಂದು ಮಕ್ಕಳಿಗೆ ಪಾಠ ಮಾಡಿದ ಮೇಡಂ, ಕೊಳಲು, ಪಿಟೀಲು, ಮೃದಂಗದವರು, ರೆಕಾರ್ಡಿಂಗಿಗೆ ಗೋಡೌನ್ ಬಿಟ್ಟುಕೊಟ್ಟ ಕಾಫಿ ಎಸ್ಟೇಟಿನವರು, ಮಾರ್ದನಿ ತಗ್ಗಿಸಲು ಗೋಡೆಗೆ ಇಳಿಬಿಡುವುದಕ್ಕೆ ಮನೆಮನೆಯಿಂದ ಕಂಬಳಿ ಹೊತ್ತು ತಂದವರು, ಮಕ್ಕಳ ತಂದೆತಾಯಂದಿರು, ಎಲ್ಲರಿಗೂ ಮನಸಾರೆ ವಂದನೆ.

ಜನವರಿ 26ಕ್ಕೆ ಬೇಕೆನ್ನುವ ಶಾಲೆಗಳು ಅಕ್ಕನ ಸ್ಟುಡಿಯೋಗೆ ಪೆನ್‌ಡ್ರೈವ್ ತನ್ನಿ. ಹಾಡಿರುವುದು, ಬರೀ ವಾದ್ಯದ್ದು ಎರಡೂ ಇವೆ. ಹಾರ್ನ್ ಸ್ಪೀಕರ್ ಇರುವವರು ಮೊನೊ ಪ್ರತಿಯನ್ನೇ ಕೇಳಿ ಪಡೆಯಿರಿ.