ಪ್ಯಾಲೆಸ್ಟೀನ್: ಜನರನ್ನು ಕೇಳಿದವರು ಯಾರು?

ಪ್ಯಾಲೆಸ್ಟೀನ್ ಜನರ ಪರವಾಗಿ ಮಾತಾಡುವ ಹಕ್ಕು ಯಾರಿಗಿದೆ ಎಂಬ ಚರ್ಚೆಯಲ್ಲಿ ಆ ಜನರ ಮತವೇ ಕಾಣುತ್ತಿಲ್ಲ. ಮಹಮೂದ್ ಅಬ್ಬಾಸ್ 2005ರಲ್ಲಿ ಪ್ಯಾಲೆಸ್ಟೀನ್ ಪ್ರಾಧಿಕಾರದ ಅಧ್ಯಕ್ಷರಾಗಿ ಆಯ್ಕೆಯಾದದ್ದು ನಾಲ್ಕು ವರ್ಷಕ್ಕೆ. ಆಮೇಲೆ ಆ ಹುದ್ದೆಗೆ ಚುನಾವಣೆಯೇ ನಡೆದಿಲ್ಲ. 2006ರಲ್ಲಿ ಶಾಸನಸಭೆಯ 132 ಸ್ಥಾನಗಳಲ್ಲಿ 74 ಗೆದ್ದ ಎದುರಾಳಿ ಸಂಘಟನೆ ಹಮಾಸ್, ಮರುವರ್ಷ ಗಾಜಾವನ್ನು ಬಲದಿಂದ ಹಿಡಿಯಿತು. ಮತ್ತೆ ಜನರ ಮುಂದೆ ಹೋಗಲಿಲ್ಲ.

2021ರ ಮೇ ತಿಂಗಳಿಗೆ ಗೊತ್ತಾಗಿದ್ದ ಚುನಾವಣೆಯನ್ನು ಅಬ್ಬಾಸ್ ಮುಂದೂಡಿದರು. ಇಸ್ರೇಲ್ ಹಿಡಿತದಲ್ಲಿರುವ ಪೂರ್ವ ಜೆರುಸಲೇಮ್‌ನಲ್ಲಿ ಮತದಾನಕ್ಕೆ ಆ ದೇಶ ಒಪ್ಪಿಗೆ ಕೊಟ್ಟಿಲ್ಲ ಎಂದರು. ಕಾರಣ ಸುಮ್ನೆ ಹೇಳಿದ್ದಲ್ಲ. ಆದರೆ ಅವರದೇ ಫತಾ ಪಕ್ಷ ಮೂರು ಪಟ್ಟಿಗಳಾಗಿ ಒಡೆದಿತ್ತು. ಸೋಲಿನ ಭಯವೂ ಇತ್ತು, ಅಲ್ವಾ?

1988ರಲ್ಲೇ ಪ್ಯಾಲೆಸ್ಟೀನ್‌ಗೆ ಮಾನ್ಯತೆ ಕೊಟ್ಟ ಭಾರತ ಈಗ ಎರಡೂ ಕಡೆಗೆ ಮಾತಾಡಬೇಕು. 2006ರಂತೆ ಪೂರ್ವ ಜೆರುಸಲೇಮ್‌ನ ಅಂಚೆ ಕಚೇರಿಗಳಲ್ಲಿ ಮತದಾನಕ್ಕೆ ಬಿಡಿ ಎಂದು ಇಸ್ರೇಲ್‌ಗೆ, ಇನ್ನು ಮುಂದೂಡಬೇಡಿ ಎಂದು ಅಬ್ಬಾಸ್ ಅವರಿಗೆ ಹೇಳಲಿ.