ಪದಕದ ಹಣ, ಅಂಗಿಯ ಹಣ

ಕೊಲಂಬಸ್, ಒಹಾಯೊ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಎರಡು ಕಾಲೇಜುಗಳ ಕುಸ್ತಿ ತರಬೇತುದಾರರು ನಿನ್ನನ್ನು ಕರೆದಿರುವ ಸುದ್ದಿಯನ್ನೂ, ಅಂಗಿ ಮಾರುವ ಕಂಪನಿಯೊಂದು ನಿನ್ನ ಚಿತ್ರ ಬಳಸಿಕೊಳ್ಳಲು 1,500 ಡಾಲರ್ ಕೊಡುವುದಾಗಿ ಒಪ್ಪಂದದ ಕಾಗದ ಕಳಿಸಿರುವುದನ್ನೂ ನಿನ್ನ ಅಮ್ಮ ಫೋನಿನಲ್ಲಿ ತಿಳಿಸಿದಳು. ಮೊದಲನೆಯದನ್ನು ಕೇಳಿ ಬಹಳ ಸಂತೋಷವಾಯಿತು. ಎರಡನೆಯದರ ಸಲುವಾಗಿ ಈ ಪತ್ರ.

ನಿನ್ನಜ್ಜ ದಾವಣಗೆರೆಯ ಕಡೆ ಜಾತ್ರೆಯ ಕುಸ್ತಿ ಗೆದ್ದು ಬೆಳ್ಳಿ ಗದೆಯನ್ನು ಹೆಗಲ ಮೇಲಿಟ್ಟುಕೊಂಡು ಮನೆಗೆ ಬಂದಾಗ ಅದರ ಲೆಕ್ಕ ಕೇಳಿದವರಿರಲಿಲ್ಲ. ಇಲ್ಲಿ ಮಾತ್ರ ಹಣವನ್ನು ಕೊಟ್ಟವರು ಯಾರು, ಕೊಟ್ಟದ್ದು ಯಾವುದಕ್ಕೆ ಎಂದು ಇಬ್ಬರು ಕೇಳುತ್ತಾರೆ: ತೆರಿಗೆಯವರು ಮತ್ತು ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎಯವರು. ನಿನ್ನಂಥವನನ್ನು ಕೇಳುವ ಮೂರನೆಯವರೂ ಇದ್ದಾರೆ. ಅವರ ವಿಷಯ ಮುಂದೆ ಬರೆಯುತ್ತೇನೆ.

ನಿನ್ನ ಕೋಣೆಯ ಗೋಡೆಯ ಮೇಲಿನ ಚಿತ್ರದಲ್ಲಿರುವ ಅಮೆರಿಕದ ಕುಸ್ತಿಪಟು ಕೈಲ್ ಸ್ನೈಡರ್ 2016ರಲ್ಲಿ ರಿಯೊ ಒಲಿಂಪಿಕ್ಸಿನಲ್ಲಿ 97 ಕೆಜಿ ವಿಭಾಗದ ಚಿನ್ನ ಗೆದ್ದಾಗ ಅವನಿಗೆ 20 ವರ್ಷ. ನಮ್ಮೂರಿನ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿ. ಕುಸ್ತಿಯ ಅಭಿಮಾನಿಗಳು ಕೂಡಿಸಿದ ‘ಲಿವಿಂಗ್ ದ ಡ್ರೀಮ್’ ನಿಧಿಯಿಂದ ಒಲಿಂಪಿಕ್ ಚಿನ್ನಕ್ಕೆ 2,50,000 ಡಾಲರ್ ಸಿಗುತ್ತಿತ್ತು. ಅಷ್ಟನ್ನು ಪಡೆದ ಮೇಲೂ ಅವನು ಕಾಲೇಜಿನ ಮ್ಯಾಟ್‌ಗೆ ಮರಳಿ 2017 ಮತ್ತು 2018ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ, ಏಕೆಂದರೆ ಒಲಿಂಪಿಕ್ ಪದಕದ ಹಣಕ್ಕೆ ಎನ್‌ಸಿಎಎ ವಿನಾಯಿತಿ ಕೊಟ್ಟಿತ್ತು. ಆಗ ಅದೇ ಹುಡುಗ ನೂರು ಡಾಲರ್ ಪಡೆದು ಶೂ ಜಾಹೀರಾತಿಗೆ ನಿಂತಿದ್ದರೆ ಕಾಲೇಜಿನ ಪರ ಆಡುವ ಅರ್ಹತೆಗೇ ಕುತ್ತು ಬರುತ್ತಿತ್ತು. ಎರಡೂವರೆ ಲಕ್ಷ ನಡೆಯುತ್ತದೆ, ನೂರು ನಡೆಯುವುದಿಲ್ಲ ಎಂಬ ಈ ನ್ಯಾಯ ನನಗಂತೂ ಇಂದಿಗೂ ಅರ್ಥವಾಗಿಲ್ಲ. ಹೆಸರು, ಚಿತ್ರಗಳಿಂದ ಗಳಿಸುವುದಕ್ಕಿದ್ದ ಆ ತಡೆ 2021ರ ಜುಲೈನಲ್ಲಿ ಹೋಯಿತು. 2025ರ ಜುಲೈನಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಗಿದೆ.

ತೆರಿಗೆಯ ನಿಯಮ ಬೇರೆ ದಾರಿಯಲ್ಲಿದೆ. ಪದಕದ ಬೆಲೆಗೂ ಅಮೆರಿಕದ ಒಲಿಂಪಿಕ್ ಸಮಿತಿ ಕೊಡುವ ಬಹುಮಾನಕ್ಕೂ (ಚಿನ್ನಕ್ಕೆ 37,500 ಡಾಲರ್) ವರ್ಷದ ಆದಾಯ 10 ಲಕ್ಷ ಡಾಲರ್ ಮೀರದಿದ್ದರೆ ಫೆಡರಲ್ ತೆರಿಗೆ ಬೇಡವೆಂದು 2016ರಲ್ಲಿ ಕಾನೂನಾಯಿತು. ಆದರೆ ಅದು ಹೆಸರಿಸುವುದು ಸಮಿತಿಯ ಹಣವನ್ನಷ್ಟೇ. ಖಾಸಗಿ ನಿಧಿಯ ದೊಡ್ಡ ಮೊತ್ತ ಅದರೊಳಗೆ ಬರುವುದಿಲ್ಲ. ವಿದ್ಯಾರ್ಥಿವೇತನದಲ್ಲೂ ಬೋಧನಾ ಶುಲ್ಕ, ಪುಸ್ತಕಗಳಿಗೆ ಹೋದದ್ದು ತೆರಿಗೆಯಿಂದ ಪಾರು. ಹಾಸ್ಟೆಲು, ಊಟಕ್ಕೆ ಹೋದದ್ದು ಪಾರಲ್ಲ.

ಹೋದ ಮಾರ್ಚಿನಲ್ಲಿ ಕಿವಿ ಮುದುಡಿ ಗಂಟುಗಟ್ಟಿದ ಕುಸ್ತಿಯ ಹುಡುಗನೊಬ್ಬ ನನ್ನ ಕಚೇರಿಗೆ ಶೂ ಡಬ್ಬಿಯ ತುಂಬ ಕಾಗದ ತಂದು ಮೇಜಿನ ಮೇಲೆ ಸುರಿದ. ಜಾಹೀರಾತುಗಳಿಂದ ಬಂದದ್ದು 9,000 ಡಾಲರ್. ಯಾರೂ ತೆರಿಗೆ ಹಿಡಿದುಕೊಂಡಿರಲಿಲ್ಲ, ಅವನೂ ಎತ್ತಿಟ್ಟಿರಲಿಲ್ಲ. ಇಂಥ ನಿವ್ವಳ ಗಳಿಕೆ 400 ಡಾಲರ್ ಮುಟ್ಟಿದರೆ ಸ್ವಂತ ಉದ್ಯೋಗದ ತೆರಿಗೆ ಬೀಳುತ್ತದೆ. ಅದೊಂದೇ ಅವನಿಗೆ ಸುಮಾರು 1,270 ಡಾಲರ್ ಆಯಿತು. ಖರ್ಚಿನ ಒಂದು ರಸೀದಿಯೂ ಆ ಡಬ್ಬಿಯಲ್ಲಿರಲಿಲ್ಲ.

ಅವನು ಈ ದೇಶದ ಪ್ರಜೆ, ಆದ್ದರಿಂದ ದಂಡ ಕಟ್ಟಿ ಮುಗಿಸಿದ. ನೀನಿರುವುದು ಅಪ್ಪನ ಕೆಲಸದ ಮೇಲೆ ಸಿಕ್ಕಿರುವ ಎಚ್-4 ವೀಸಾದಲ್ಲಿ. ಆ ವೀಸಾದ ಮಕ್ಕಳು ದುಡಿಯುವಂತಿಲ್ಲ, ಮತ್ತು ಫೋಟೋಗೆ ನಿಂತು ಹಣ ಪಡೆಯುವುದನ್ನು ವಲಸೆ ಇಲಾಖೆ ದುಡಿಮೆಯೆಂದು ಎಣಿಸಿದರೆ, ಎನ್‌ಸಿಎಎ ಒಪ್ಪಿತೆಂಬ ಮಾತು ಅಲ್ಲಿ ನಿನ್ನ ನೆರವಿಗೆ ಬರುವುದಿಲ್ಲ. 21 ತುಂಬುವಷ್ಟರಲ್ಲಿ ಗ್ರೀನ್ ಕಾರ್ಡ್ ಬಾರದಿದ್ದರೆ ನೀನು ವಿದ್ಯಾರ್ಥಿಗಳಿಗೆ ಕೊಡುವ ಎಫ್-1 ವೀಸಾಗೆ ಬದಲಾಗಬೇಕಾದೀತು, ಅಲ್ಲಿಯೂ ಕ್ಯಾಂಪಸ್ಸಿನ ಹೊರಗಿನ ದುಡಿಮೆಗೆ ಬಿಗಿಯಾದ ನಿಯಮಗಳಿವೆ. ಪೌರತ್ವವಿಲ್ಲದೆ ಅಮೆರಿಕದ ಪರವಾಗಿ ಒಲಿಂಪಿಕ್ಸಿನಲ್ಲಿ ಇಳಿಯುವಂತೆಯೂ ಇಲ್ಲವಾದ್ದರಿಂದ 37,500 ಡಾಲರಿನ ಮಾತು ಸದ್ಯಕ್ಕೆ ಬೇರೆಯವರ ಮನೆಯದು.

ಆದುದರಿಂದ ಆ ಅಂಗಿಯವರ ಕಾಗದಕ್ಕೆ ಸಹಿ ಹಾಕಬೇಡ, ಉಚಿತವೆಂದು ಅಂಗಿ ಕಳಿಸಿದರೂ ಧರಿಸಿ ಫೋಟೋ ಹಾಕಬೇಡ. ಕಾಗದದ ಪ್ರತಿಯನ್ನು ನನಗೆ ಕಳಿಸು. ವಲಸೆಯ ವಕೀಲರಿಗೆ ನಾನೇ ತೋರಿಸುತ್ತೇನೆ, ಅವರ ಶುಲ್ಕ ನನ್ನದು. ಕಾಲೇಜು ನೋಡಲು ಹೋದಾಗ ಅಲ್ಲಿನ ನಿಯಮಪಾಲನೆ ಕಚೇರಿಯವರನ್ನು ನಿನ್ನ ವೀಸಾದ ಹೆಸರು ಹೇಳಿಯೇ ಕೇಳು, ಉತ್ತರವನ್ನು ಇಮೇಲಿನಲ್ಲಿ ಬರೆಸಿಕೋ. ಓದಲು ತೊಡಕಾದ ಕಡೆ ಅಮ್ಮನಿಂದ ಓದಿಸಿಕೋ.

ಇಂತಿ ನಿನ್ನ ಮಾವ