ಕಾಡಿಗೆ ದನ ಬೇಡ, ಸರಿ. ಊರಿನ ಗೋಮಾಳ ಎಲ್ಲಿ?

ಮಾನ್ಯ ಸಂಪಾದಕರೇ,

2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಆ ಹಸುವಿನ ಹೆಸರು ಕೆಂಚಿ ಅಂತ ಪತ್ರಿಕೆಗಳಲ್ಲಿ ಬಂದಿತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಪಚ್ಚೆದೊಡ್ಡಿ ಕಡೆ ಇನ್ನೊಂದು ಹುಲಿ ತುಂಡು ತುಂಡಾಗಿ ಸಿಕ್ಕಿತು. ಹುಲಿಯ ಮೇಲೆ ಕೂತ ಮಾದಪ್ಪನಿಗೆ ಕೈ ಮುಗಿಯುವ ಸೀಮೆಯಲ್ಲೇ ಇದೆಲ್ಲ ನಡೆಯಿತು.

ಜೂನ್ ಘಟನೆ ಆದ ಮೇಲೆ, ಜುಲೈನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ಕಾಡಿನಲ್ಲಿ ದನ, ಕುರಿ, ಮೇಕೆ ಮೇಯಿಸುವುದನ್ನು ನಿಷೇಧಿಸಲು ಕ್ರಮ ಕೈಗೊಳ್ಳಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ತಮಿಳುನಾಡಿನ ವಿಚಾರದಲ್ಲಿ ಮದ್ರಾಸ್ ಹೈಕೋರ್ಟ್ ಕೊಟ್ಟಿದ್ದ ಆದೇಶವನ್ನೂ ನೆನಪಿಸಿದರು. ರೈತರು ಸಿಟ್ಟಾದರು. ಅಲ್ಲಿಂದ ಇದು ಹುಲಿ ಪಕ್ಷ, ಹಸು ಪಕ್ಷ ಅಂತ ಎರಡಾಯಿತು. ಇಪ್ಪತ್ತೆಂಟು ವರ್ಷ ಈ ಭಾಗದ ಹಳ್ಳಿಗಳಲ್ಲಿ ಐಸ್ ಡಬ್ಬಿ ಹೆಗಲಿಗೆ ಹಾಕಿಕೊಂಡು ದನಗಳಿಗೆ ಲಸಿಕೆ ಚುಚ್ಚಿ ನಿವೃತ್ತನಾದವನು ನಾನು. ಎರಡೂ ಪಕ್ಷದವರು ಬಿಟ್ಟಿರುವ ಕೆಲವು ಮಾತು ಹೇಳಬೇಕು ಅನ್ನಿಸಿತು.

ರಾತ್ರಿ ಹೊತ್ತು ದನ ಕೂಡಲು ಕಾಡಿನೊಳಗೆ ಮುಳ್ಳು ಬೇಲಿ ಕಟ್ಟಿದ ಜಾಗಕ್ಕೆ ನಮ್ಮ ಕಡೆ ದೊಡ್ಡಿ ಅಂತಾರೆ. ಹನೂರು ತಾಲ್ಲೂಕಿನ ಎಷ್ಟೋ ಊರುಗಳ ಹೆಸರಿನ ಕೊನೆಗೆ ದೊಡ್ಡಿ ಇದೆ. ಹಾಗಾಗಿ ಇದು ನಿನ್ನೆ ಮೊನ್ನೆ ಶುರುವಾದ ಪದ್ಧತಿಯಲ್ಲ. ಆದರೆ ಹಿಂದೆ ದೊಡ್ಡಿಯಲ್ಲಿ ಇರುತ್ತಿದ್ದದ್ದು ಆಯಾ ಊರಿನವರ ದನ. ಯಾವುದು ಯಾರದು ಅಂತ ಬಣ್ಣ, ಕೊಂಬು ನೋಡಿಯೇ ಹೇಳುತ್ತಿದ್ದರು. ಈಗ ಕೇಳಿದರೆ ದನಗಾಹಿ ನಕ್ಕು ಸುಮ್ಮನಾಗುತ್ತಾನೆ. ಪಕ್ಕದ ರಾಜ್ಯದ ದನವೂ ಇಲ್ಲಿಗೆ ಬರುತ್ತದೆ ಅಂತ ಸಚಿವರೇ ಹೇಳಿದ್ದಾರೆ. ಮುಳ್ಳಲ್ಲಿ, ಬಿಸಿಲಲ್ಲಿ ಅಲೆಯುವವನು ಬಡವ, ದನದ ಒಡೆಯ ಇನ್ನೆಲ್ಲೋ ನೆರಳಲ್ಲಿ ಇರುತ್ತಾನೆ. ಕೇಸು ಬೀಳುವುದು ಮಾತ್ರ ಅಲೆಯುವವನ ಮೇಲೆ.

ಈ ದನ ಯಾಕೆ ಸಾಕುತ್ತಾರೆ? ಹಾಲಿಗಂತೂ ಅಲ್ಲ. ಕರುವಿಗೆ ಬಿಟ್ಟು ಒಂದು ಲೋಟ ಸಿಕ್ಕರೆ ಪುಣ್ಯ. ಉಳುಮೆಗೆ ಟ್ರ್ಯಾಕ್ಟರ್ ಬಂದು ಎಷ್ಟೋ ಕಾಲವಾಯಿತು. ಸಾಕುವುದು ಮುಖ್ಯವಾಗಿ ಗೊಬ್ಬರಕ್ಕೆ. ಬಂಡೀಪುರದ ಅಂಚಿನ ಹಳ್ಳಿಗಳಲ್ಲಿ ಎಂ.ಡಿ. ಮಧುಸೂದನ್ ಎಂಬ ವಿಜ್ಞಾನಿ ಇದನ್ನು ಅಧ್ಯಯನ ಮಾಡಿ 2005ರಲ್ಲೇ ಪ್ರಕಟಿಸಿದ್ದಾರೆ. ಕಾಫಿಗೆ ಬೆಲೆ ಬಂದಾಗ ತೋಟದವರು ಸೆಗಣಿ ಗೊಬ್ಬರ ಹುಡುಕಿಕೊಂಡು ಬಂದರು. ಹಳ್ಳಿಯವರು ಗೊಬ್ಬರ ಮಾರುವುದಕ್ಕೇ ಹೆಚ್ಚು ದನ ಇಟ್ಟುಕೊಂಡರು. ಮೇವು ಕೊಳ್ಳಬೇಕಾಗಿಲ್ಲ, ಕಾಡಿದೆಯಲ್ಲ! ಎಲ್ಲೋ ದೂರದ ದೇಶದಲ್ಲಿ ಕಾಫಿಯ ದರ ಏರಿದರೆ ಗುಂಡ್ಲುಪೇಟೆ ಕಡೆಯ ಕಾಡಿನ ಹುಲ್ಲು ಬೋಳಾಗುತ್ತದೆ. ನಾನು ಮೊದಲ ಸಲ ಕೇಳಿದಾಗ ನಂಬಲಿಲ್ಲ. ಆಮೇಲೆ ಗೊಬ್ಬರದ ಲಾರಿಗಳು ಎತ್ತ ಹೋಗುತ್ತವೆ ಅಂತ ನೋಡಿದೆ, ನಂಬಿದೆ.

ದನ ಹಿಂದೂ ಮೇಯುತ್ತಿತ್ತು, ಕಾಡು ಉಳಿದಿತ್ತಲ್ಲ ಅಂತ ಕೇಳುವವರಿದ್ದಾರೆ. ಕಾಡಲ್ಲಿ ಮೇದ ದನ ಸೆಗಣಿಯನ್ನೂ ಕಾಡಲ್ಲೇ ಹಾಕಿದರೆ ಅದು ಮಣ್ಣಿಗೆ ಸೇರುತ್ತದೆ. ದೊಡ್ಡಿಯಲ್ಲಿ ಗುಡಿಸಿ, ಗುಡ್ಡೆ ಹಾಕಿ, ಲಾರಿಗೆ ತುಂಬಿ ಕಳಿಸಿದರೆ ಕಾಡಿನ ಸಾರವನ್ನೇ ಲೋಡು ಮಾಡಿ ಕಳಿಸಿದ ಹಾಗೆ. ವರ್ಷ ವರ್ಷ ಹೀಗೇ ನಡೆದರೆ ಹುಲ್ಲು ಸೋಲುತ್ತದೆ. ಸೋತ ಜಾಗಕ್ಕೆ ಲಂಟಾನ ಅನ್ನುವ ಕಳೆ ಪೊದೆ ನುಗ್ಗುತ್ತದೆ. ಲಂಟಾನಕ್ಕೆ ದನ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಒಣಗಿದ ಎಲೆ, ಹುಲ್ಲಿಗೆ ಹಾಕುತ್ತಿದ್ದ ತರಗು ಬೆಂಕಿ ನಿಲ್ಲಿಸಿದ ಮೇಲೆ ಅದು ಜಾಸ್ತಿಯಾಯಿತು ಅಂತ ಇಲ್ಲಿಯ ಕಾಡಿನ ಆದಿವಾಸಿಗಳಾದ ಸೋಲಿಗರು ಹೇಳುತ್ತಾರೆ, ಆ ಮಾತಲ್ಲಿ ಹುರುಳಿದೆ. ಕಾರಣ ಯಾವುದಾದರೂ ಆಗಲಿ, ಜಿಂಕೆ, ಕಡವೆ, ಕಾಟಿಗೆ (ಕಾಡುಕೋಣಕ್ಕೆ) ಅಲ್ಲಿ ತಿನ್ನಲು ಏನೂ ಉಳಿಯುವುದಿಲ್ಲ. ಅವು ಕಡಿಮೆಯಾದ ಕಡೆ ಹುಲಿಗೆ ಎದುರು ಸಿಗುವುದು ಕೆಂಚಿ. ದನ ಕಡಿಮೆಯಾದ ಜಾಗದಲ್ಲಿ ಕಾಟಿಯಂಥ ದೊಡ್ಡ ಪ್ರಾಣಿಗಳು ಮತ್ತೆ ಹೆಚ್ಚಾದದ್ದನ್ನೂ ಬಂಡೀಪುರದಲ್ಲೇ ಎಣಿಸಿ ತೋರಿಸಿದ್ದಾರೆ. ಅಂದರೆ ಕೆಟ್ಟದ್ದು ಸರಿಹೋಗದೆ ಇರುವಂಥದ್ದೇನಲ್ಲ.

ಇನ್ನು ರೋಗದ ವಿಚಾರ. ಇದು ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. 1968ರಲ್ಲಿ ಬಂಡೀಪುರ, ಮುದುಮಲೆ ಕಾಡುಗಳಿಗೆ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದು ಕಾಟಿಗಳು ರಾಶಿ ರಾಶಿಯಾಗಿ ಸತ್ತವು. ಹಳ್ಳದ ದಂಡೆಯಲ್ಲಿ ವಾಸನೆಗೆ ನಿಲ್ಲಲು ಆಗುತ್ತಿರಲಿಲ್ಲ ಅಂತ ನಮ್ಮ ಹಿರಿಯ ಸಹೋದ್ಯೋಗಿಗಳು ಹೇಳುತ್ತಿದ್ದರು. ದೊಡ್ಡರೋಗ 2011ರ ಹೊತ್ತಿಗೆ ಭೂಮಿಯಿಂದಲೇ ಹೋಯಿತು. ಕಾಲುಬಾಯಿ ಜ್ವರ ಹೋಗಿಲ್ಲ. ಅದು ದನದಿಂದ ಜಿಂಕೆಗೆ, ಕಾಟಿಗೆ ಹರಡಬಲ್ಲದು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 33ಎ ಕಲಮು ಏನು ಹೇಳುತ್ತದೆ ಗೊತ್ತೇ? ಅಭಯಾರಣ್ಯದ ಒಳಗೆ ಮತ್ತು ಅದರ ಸುತ್ತ ಐದು ಕಿಲೋಮೀಟರ್‌ನಲ್ಲಿರುವ ಜಾನುವಾರುಗಳಿಗೆ ಲಸಿಕೆ ಹಾಕಿಸಬೇಕು. ಲಸಿಕೆ ಇಲ್ಲದ ದನವನ್ನು ಅಭಯಾರಣ್ಯದೊಳಗೆ ಮೇಯಿಸುವಂತಿಲ್ಲ. ಇದು ಹೊಸ ಆದೇಶವಲ್ಲ, ಹಳೇ ಕಾನೂನು.

ನಾವು ಅದನ್ನು ಹೇಗೆ ಪಾಲಿಸಿದೆವು ಅಂತ ಹೇಳಲು ನಾಚಿಕೆಯಾಗುತ್ತದೆ. ಊರೊಳಗಿನ ಸೀಮೆ ಹಸುಗಳಿಗೆ ಹಾಕುತ್ತಿದ್ದೆವು. ಅವು ಕೊಟ್ಟಿಗೆಯಲ್ಲೇ ಸಿಗುತ್ತವೆ, ಕಟ್ಟಿದ ಹಗ್ಗ ಇರುತ್ತದೆ. ದೊಡ್ಡಿ ದನ ಮನುಷ್ಯರನ್ನು ಕಂಡರೆ ಬೆದರಿ ಓಡುತ್ತವೆ. ಮೂಗುದಾರ ಇಲ್ಲ, ಹಿಡಿಯುವವರಿಲ್ಲ. ಅಷ್ಟು ದೂರ ಐಸ್ ಕರಗದ ಹಾಗೆ ಲಸಿಕೆ ಒಯ್ಯಲು ಗಾಡಿಯೂ ಇಲ್ಲ. ಕೊನೆಗೆ ಆ ದನಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದನ್ನು ಬಿಟ್ಟೆವು. ನಾನೂ ಬಿಟ್ಟೆ.

ಲೆಕ್ಕಕ್ಕೆ ತೆಗೆದುಕೊಳ್ಳದೆ ಇರುವುದರಿಂದ ಇನ್ನೊಂದು ಅನಾಹುತ ಆಗುತ್ತದೆ. ಅದಕ್ಕೇ ಮುಖ್ಯವಾಗಿ ಈ ಪತ್ರ. ಕರ್ನಾಟಕ ಭೂ ಕಂದಾಯ ನಿಯಮಗಳ 97ನೇ ನಿಯಮದಂತೆ ಊರಿನ ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ಊರಲ್ಲಿ ದನ ಕಡಿಮೆ ಅಂತ ಕಾಗದದಲ್ಲಿ ತೋರಿಸಿದರೆ ಉಳಿದ ಗೋಮಾಳ ‘ಹೆಚ್ಚುವರಿ’ ಆಗುತ್ತದೆ. ಹೆಚ್ಚುವರಿ ಆಯಿತೋ, ಅದನ್ನು ಮಂಜೂರು ಮಾಡಲು ದಾರಿ ಸಿಕ್ಕಿತು. ಸಾಗುವಳಿ ಮಾಡಿಕೊಂಡ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಅಂತ ನಮೂನೆ 50, 53, 57ರ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುವವರನ್ನು ನೀವೂ ಕಂಡಿರುತ್ತೀರಿ. ಅವರಲ್ಲಿ ನಿಜವಾಗಿ ಭೂಮಿ ಇಲ್ಲದವರೂ ಇದ್ದಾರೆ, ಇಪ್ಪತ್ತು ಎಕರೆ ಇದ್ದು ಇನ್ನೂ ಬೇಕೆನ್ನುವವರೂ ಇದ್ದಾರೆ. ಅದರ ಮೇಲೆ ಆಶ್ರಯ ಮನೆ, ಸ್ಮಶಾನ, ಕಸದ ಘಟಕ, ಕಲ್ಲು ಕ್ವಾರಿ, ಎಲ್ಲಕ್ಕೂ ಗೋಮಾಳವೇ. ಊರ ಗೋಮಾಳ ಹೋಯಿತು, ದನ ಕಾಡಿಗೆ ಹೋಯಿತು. ಕಾಡಿನ ದನ ಊರ ಲೆಕ್ಕದಲ್ಲಿ ಸೇರಲಿಲ್ಲ. ಹಾಗಾಗಿ ಉಳಿದ ಗೋಮಾಳವೂ ಹೆಚ್ಚುವರಿಯಾಯಿತು. ಈ ಚಕ್ರ ತಿರುಗುತ್ತಲೇ ಇದೆ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಡೆಯವರನ್ನು ಕೇಳಿದರೆ ಇದೇ ಕಥೆಯನ್ನು ಇನ್ನೂ ದೊಡ್ಡದಾಗಿ ಹೇಳುತ್ತಾರೆ. ಮೈಸೂರು ಅರಸರ ಕಾಲದಿಂದ ಅಮೃತ್ ಮಹಲ್ ತಳಿಯ ದನ ಮೇಯಲು ಬಿಟ್ಟಿದ್ದ ಕಾವಲಿನ ಸಾವಿರಾರು ಎಕರೆಯನ್ನು ದೊಡ್ಡ ದೊಡ್ಡ ಸಂಸ್ಥೆಗಳಿಗೆ ಕೊಟ್ಟರು. ಅಲ್ಲಿ ದನ, ಕುರಿ ಮೇಯುತ್ತಿದ್ದ ಹುಲ್ಲುಗಾವಲಲ್ಲೇ ಕೃಷ್ಣಮೃಗವೂ ಇತ್ತು. ದನ ಮೇದ ಕಡೆಯೆಲ್ಲ ಕಾಡು ಹಾಳು ಅನ್ನುವವರು ಒಮ್ಮೆ ಅದನ್ನೂ ನೋಡಬೇಕು. ಎಲ್ಲಿ, ಎಷ್ಟು ದನ, ಯಾರದು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಹುಲಿ ಮರಿ ಹಾಕುವ ಅಭಯಾರಣ್ಯದಲ್ಲಿ ದೊಡ್ಡಿ ಇರಬಾರದು. ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಬರೀ ನಿಷೇಧ ಹಾಕಿದರೆ ಏನಾಗುತ್ತದೆ? ಕಾಡೊಳಗೆ ಹುಲಿ ಹಿಡಿದ ದನಕ್ಕೆ ಪರಿಹಾರ ಕೇಳಲು ಹೋದರೆ, ‘ಮೊದಲು ನೀನು ಯಾಕೆ ಒಳಗೆ ಹೋದೆ’ ಅಂತ ಕೇಸು ಹಾಕುತ್ತಾರೆ ಅನ್ನುವ ಭಯ ಈಗಲೇ ಇದೆ. ಆ ಭಯ ಜಾಸ್ತಿಯಾದಷ್ಟೂ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ಬಾಯಿ ಮುಚ್ಚಿಕೊಂಡವನ ಮನೆಯಲ್ಲಿ ಹೊಲಕ್ಕೆ ತಂದ ಕೀಟನಾಶಕ ಇದ್ದೇ ಇರುತ್ತದೆ.

ಅದಕ್ಕೆ ನನ್ನದು ಎರಡೇ ಮಾತು. ಒಂದು, ಈಗ ದನಗಳ ಕಿವಿಗೆ ಹನ್ನೆರಡು ಅಂಕಿಯ ಹಳದಿ ಓಲೆ ಹಾಕುತ್ತಿದ್ದಾರೆ. ಮೊದಲು ದೊಡ್ಡಿಗಳಿಗೆ ಹೋಗಿ ಅಲ್ಲಿಯ ದನಕ್ಕೆ ಓಲೆ, ಲಸಿಕೆ ಎರಡೂ ಹಾಕಲಿ. ಯಾವ ದನ ಯಾರದು ಅನ್ನುವುದು ಆಗ ಹೊರಗೆ ಬರುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಮೇಯಿಸುವ ಹಕ್ಕಿನ ಮಾತೂ ಇದೆ. ಅದು ಆದಿವಾಸಿಗಳಿಗೆ, ತಲೆಮಾರುಗಳಿಂದ ಕಾಡನ್ನು ನಂಬಿ ಬದುಕಿದವರಿಗೆ ಸೇರಿದ್ದು. ಹೊರಗೆ ಕೂತು ಗೊಬ್ಬರ ಮಾರುವ ಒಡೆಯನಿಗೆ ಅದರಲ್ಲಿ ಪಾಲಿಲ್ಲ. ಇಬ್ಬರನ್ನೂ ಒಂದೇ ಕೋಲಿನಲ್ಲಿ ಹೊಡೆಯುವುದು ಬೇಡ.

ಎರಡು, ಅರಣ್ಯ ಇಲಾಖೆಗೆ ಹೋದ ಆದೇಶದ ಜೊತೆಗೆ ತಹಶೀಲ್ದಾರರಿಗೂ ಒಂದು ಆದೇಶ ಹೋಗಲಿ. ಕಾಡಂಚಿನ ಪ್ರತಿ ಊರಿನ ಗೋಮಾಳ ದಾಖಲೆಯಲ್ಲಿ ಎಷ್ಟು, ನೆಲದ ಮೇಲೆ ಎಷ್ಟು ಅಂತ ಅಳೆದು ಪಂಚಾಯಿತಿ ಬೋರ್ಡಿನ ಮೇಲೆ ಬರೆಯಲಿ. ಅಳೆದು ಮುಗಿಯುವವರೆಗೆ ‘ಹೆಚ್ಚುವರಿ’ ಅಂತ ಒಂದು ಗುಂಟೆಯನ್ನೂ ಯಾರಿಗೂ ಕೊಡಬಾರದು.

ನಮ್ಮೂರಿನ ಗೋಮಾಳದ ಗಡಿಕಲ್ಲು ಈಗ ಒಬ್ಬರ ಮುಸುಕಿನ ಜೋಳದ ಹೊಲದ ನಡುವೆ ಇದೆ. ಬೆಳೆ ಎದ್ದಾಗ ಕಾಣುವುದಿಲ್ಲ, ಕಟಾವಾದ ಮೇಲೆ ಕಾಣುತ್ತದೆ. ಸರ್ವೆಯವರು ಬರುವುದಾದರೆ ನಾನೇ ಮುಂದೆ ನಿಂತು ತೋರಿಸುತ್ತೇನೆ.

ಇಂತಿ ತಮ್ಮ ಓದುಗ,
ನಿವೃತ್ತ ಪಶು ಆಸ್ಪತ್ರೆ ನೌಕರ, ಕೊಳ್ಳೇಗಾಲ